ರೈಟರೇ, ನನ್ನ ಹೆಸರು ಬರೆದ್ರಾ?

ನಾನು ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಏಳೂವರೆಗೆ ಕಿವಿಗೆ ಬೀಳುತ್ತಿದ್ದ ಮಾತು ಇದು. ಕೊಡಗಿನ ಸಿದ್ದಾಪುರದಿಂದ ಪಾಲಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟ್. ಅದರ ಕಣದ ಪಕ್ಕದಲ್ಲಿ ಒಂದು ಹಂಚಿನ ಮನೆ. ಆ ಮನೆಗೆ ಎಲ್ಲರೂ 'ರೈಟರ್ ಮನೆ' ಅಂತಲೇ ಹೇಳುತ್ತಿದ್ದರು. ಅಮ್ಮ 'ರೈಟರ್ ಅಮ್ಮ'. ನಾನು 'ರೈಟರ್ ಮಗಳು'. ಅಪ್ಪನ ನಿಜವಾದ ಹೆಸರು ಕೆಲಸದವರು ಇರುವ ಲೈನ್ ಮನೆಯ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ರೈಟರ್ ಅಂದರೆ ಯಾರು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಎಸ್ಟೇಟಿನಲ್ಲಿ ಮಾಲೀಕರು, ಮ್ಯಾನೇಜರ್, ಆಮೇಲೆ ರೈಟರ್, ಅವರ ಕೆಳಗೆ ಮೇಸ್ತ್ರಿ. ಬೆಳಿಗ್ಗೆ ಮಸ್ಟರ್, ಅಂದರೆ ಹಾಜರಿ, ತೆಗೆದುಕೊಳ್ಳುವವರು ರೈಟರ್. ಯಾರು ಕಳೆಗೆ, ಯಾರು ಗೊಬ್ಬರಕ್ಕೆ, ಯಾರು ಗಿಡ ಸವರುವ ಕಪಾತಿಗೆ ಅಂತ ಆಳು ಹಂಚುವವರು ಅವರೇ. ಸಂಜೆ ಕೊಯ್ದ ಹಣ್ಣನ್ನು ತೂಕ ಮಾಡಿಸಿ ಬರೆದುಕೊಳ್ಳುವವರೂ ಅವರೇ. ವಾರದ ಸಂಬಳ, ಗೋಡೌನಿನ ಗೊಬ್ಬರ, ಪಂಪಿನ ಡೀಸೆಲ್, ಎಲ್ಲದರ ಲೆಕ್ಕ ಅವರ ಪುಸ್ತಕದಲ್ಲಿ.

ಮಳೆಯ ಲೆಕ್ಕವೂ. ಅಂಗಳದ ತುದಿಯಲ್ಲಿ ಒಂದು ಮಳೆ ಮಾಪಕ ಇತ್ತು. ಬೆಳಿಗ್ಗೆ ಅಪ್ಪ ಅದರೊಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದರು. ನಮ್ಮಲ್ಲಿ ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲಿನಲ್ಲಿ ಮೊದಲ ಮಳೆ ಬಿದ್ದ ಮಾರನೇ ದಿನ ಕೊಡಗಿನಲ್ಲಿ ಯಾರಿಗೆ ಯಾರು ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು ಸೆಂಟು?" ಆ ಮಳೆಗೆ ಕಾಫಿ ಮೊಗ್ಗು ಅರಳುತ್ತದೆ. ಅದಕ್ಕೇ ಅದು ಹೂ ಮಳೆ. ಅಪ್ಪ ಪುಸ್ತಕದಲ್ಲಿ ಅಂಕಿ ಬರೆದು, ಅದರ ಪಕ್ಕದಲ್ಲಿ ಸಣ್ಣದಾಗಿ 'ಹೂ ಮಳೆ' ಅಂತ ಬರೆಯುತ್ತಿದ್ದರು. ಹಾಗೆ ಬರೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅವರ ಚೆಕ್‌ರೋಲ್ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಗಲವಾದ ಹಾಜರಿ ಪುಸ್ತಕ. ಎಡಗಡೆ ಹೆಸರು. ಅದರ ಮುಂದೆ 1ರಿಂದ 31ರ ತನಕ ಸಣ್ಣ ಸಣ್ಣ ಮನೆಗಳು. ಬೆಳಿಗ್ಗೆ ಬಂದವರಿಗೆ ಒಂದು ಓರೆ ಗೆರೆ. ಊಟದ ಮೇಲೂ ಕೆಲಸ ಮಾಡಿದರೆ ಅದನ್ನು ಕತ್ತರಿಸಿದ ಹಾಗೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದರೆ ಪೂರ್ತಿ ದಿನ. ಒಂದೇ ಇದ್ದರೆ ಅರ್ಧ. ದಿನವಿಡೀ ಬಗ್ಗಿದ ಬೆನ್ನು, ಜಿಗಣೆ ಕಚ್ಚಿದ ಕಾಲು, ತಲೆ ಮೇಲೆ ಹೊತ್ತ ಹಣ್ಣಿನ ಚೀಲ, ಎಲ್ಲ ಸೇರಿ ಎರಡು ಗೆರೆ. ಅದಕ್ಕೇ ಮಸ್ಟರ್ ಮುಗಿಯುವಾಗ ಯಾರಾದರೂ ಒಬ್ಬರು ಹಿಂತಿರುಗಿ ಕೂಗುತ್ತಿದ್ದರು, "ರೈಟರೇ, ನನ್ನ ಹೆಸರು ಬರೆದ್ರಾ?" ಅಪ್ಪ ತಲೆ ಎತ್ತದೆ, "ಬರೆದೆ, ಬರೆದೆ, ಹೊರಡು" ಅನ್ನುತ್ತಿದ್ದರು.

ಡಿಗ್ರಿಗೆ ನಾನು ಮೈಸೂರಿಗೆ ಹೋದೆ. ಮೊದಲ ವಾರ ಇಂಗ್ಲಿಷ್ ಕ್ಲಾಸಿನಲ್ಲಿ ಒಬ್ಬೊಬ್ಬರೇ ಎದ್ದು ಪರಿಚಯ ಹೇಳಿಕೊಳ್ಳಬೇಕಿತ್ತು. ನಾನು "ನಮ್ಮ ತಂದೆ ರೈಟರ್" ಅಂದೆ. ಮೇಡಂ ಮುಖ ಅರಳಿತು. "ಹೌದಾ! ಯಾವ ಪುಸ್ತಕ ಬರೆದಿದ್ದಾರೆ?" ಅಂದರು. ನಾನು ಚೆಕ್‌ರೋಲ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅವರು, "ಅದು ರೈಟರ್ ಅಲ್ಲಮ್ಮ, ಕ್ಲರ್ಕ್. ಎಸ್ಟೇಟ್ ಇಂಗ್ಲಿಷ್ ಎಲ್ಲಾ ಇಲ್ಲಿ ತರಬಾರದು" ಅಂದರು. ಕ್ಲಾಸ್ ನಕ್ಕಿತು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ಈಗ ಗೊತ್ತಾಗುತ್ತದೆ. ಆದರೆ ಆವತ್ತಿನಿಂದ ತಂದೆಯ ಉದ್ಯೋಗ ಅಂತ ಕೇಳುವ ಪ್ರತಿ ಅರ್ಜಿಯಲ್ಲೂ ನಾನು 'ಕ್ಲರ್ಕ್' ಅಂತ ತುಂಬಿಸುತ್ತಾ ಬಂದೆ. ಸುಮಾರು ಹದಿನೈದು ವರ್ಷ.

ಅದನ್ನು ಬಿಡಿಸಿದ್ದು ಒಂದು ರಿಟ್ ಅರ್ಜಿ.

ನಾನು ಈಗ ವಿರಾಜಪೇಟೆಯಲ್ಲಿ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಕಾಗದಗಳು, ಇದೇ ನಮ್ಮ ದಿನ. ಒಂದು ಸಂಜೆ ವಕೀಲರೊಬ್ಬರು ಹೈಕೋರ್ಟಿಗೆ ಹಾಕುವ ಅರ್ಜಿಯೊಂದನ್ನು ಟೈಪ್ ಮಾಡಲು ಕೊಟ್ಟರು. ಸಂವಿಧಾನದ 226ನೇ ವಿಧಿಯ ಕೆಳಗೆ ರಿಟ್ ಅರ್ಜಿ. 'ರಿಟ್' ಅನ್ನೋ ಪದವನ್ನು ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಆವತ್ತು ಮಾತ್ರ ಏನೋ ತಡೆಯಿತು. ರಿಟ್ ಅಂದರೇನು? ನಿಘಂಟು ನೋಡಿದೆ. ರಿಟ್ ಅಂದರೆ ಬರೆದದ್ದು, ಅಷ್ಟೇ. ರಾಜ ಬಾಯಲ್ಲಿ ಹೇಳಿದ್ದಲ್ಲ, ಬರೆದು ಕಳಿಸಿದ ಅಪ್ಪಣೆ. ರೈಟ್ ಮತ್ತು ರಿಟ್ ಒಂದೇ ಬೇರಿನವು. ಆ ಬೇರು ಹಿಡಿದು ನಾನು ಇನ್ನೂ ಹಿಂದಕ್ಕೆ ಹೋದೆ. ಆ ರಾತ್ರಿ ಮನೆಗೆ ಬರುವಾಗ ಜಾಸ್ತಿ ಹೊತ್ತಾಗಿತ್ತು.

ಇಂಗ್ಲಿಷಿನ ಹಳೆಯ ರೂಪದಲ್ಲಿ ಆ ಪದ 'ವ್ರೀಟನ್'. ಮುಂದಿರುವ ಡಬ್ಲ್ಯು ಈಗ ಮಾತಾಡುವುದಿಲ್ಲ, ಆಗ ಮಾತಾಡುತ್ತಿತ್ತು. ಆ ವ್ರೀಟನ್‌ನ ಬುಡದ ಅರ್ಥ ಬರೆಯುವುದಲ್ಲ. ಗೀರುವುದು, ಕೊರೆಯುವುದು, ಸೀಳುವುದು. ಕಾಗದ ಶಾಯಿ ಬರುವ ಮೊದಲು ಆ ಜನ ಮರದ ಮೇಲೆ, ಮೂಳೆಯ ಮೇಲೆ, ಕಲ್ಲಿನ ಮೇಲೆ ರೂನ್ ಅನ್ನೋ ಅಕ್ಷರಗಳನ್ನು ಚೂಪಾದದ್ದರಿಂದ ಕೊರೆಯುತ್ತಿದ್ದರು. ಬರೆಯುವುದು ಅಂದರೆ ಅದೇ. ಜರ್ಮನ್ ಭಾಷೆಯಲ್ಲಿ ಇದೇ ಬೇರಿನ 'ರೈಸೆನ್' ಅನ್ನೋ ಪದ ಇವತ್ತಿಗೂ ಇದೆ. ಅದರ ಅರ್ಥ ಹರಿಯುವುದು, ಕಾಗದ ಹರಿಯುತ್ತೇವಲ್ಲ, ಹಾಗೆ. ಬಿಯೋವುಲ್ಫ್ ಅನ್ನೋ ಹಳೆ ಇಂಗ್ಲಿಷ್ ಕಾವ್ಯದಲ್ಲಿ ನಾಯಕ ಘಟಸರ್ಪವನ್ನು ನಡುವಿಗೆ ಸೀಳುವ ಜಾಗ ಒಂದಿದೆ. ಸೀಳಿದ ಅನ್ನುವುದಕ್ಕೆ ಅಲ್ಲಿ ಬಂದಿರುವುದು ಈ ವ್ರೀಟನ್‌ನದೇ ಒಂದು ರೂಪ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಅಕ್ಕಪಕ್ಕದ ಭಾಷೆಗಳು ಬರೆಯುವುದಕ್ಕೆ ಲ್ಯಾಟಿನ್ನಿನ 'ಸ್ಕ್ರೀಬೆರೆ'ಯಿಂದ ಪದ ತಂದುಕೊಂಡವು. ಜರ್ಮನ್ನರ ಶ್ರೈಬೆನ್ ಅಲ್ಲಿಂದ ಬಂದದ್ದು. ಇಂಗ್ಲಿಷ್ ಮಾತ್ರ ತನ್ನ ಮನೆಯ ಪದವನ್ನೇ ಇಟ್ಟುಕೊಂಡಿತು. ಆ ಸ್ಕ್ರೀಬೆರೆ ಕೂಡ ಮೂಲದಲ್ಲಿ ಗೀರುವುದೇ. ಗ್ರೀಕರ 'ಗ್ರಾಫೆ‌ನ್' ಕೂಡ ಗೀರುವುದು. ನಮ್ಮ ಲೇಖನ, ಲೇಖಕ, ಲಿಖಿತ ಎಲ್ಲದರ ಬುಡದಲ್ಲಿರುವ ಸಂಸ್ಕೃತದ 'ಲಿಖ್' ಧಾತುವಿಗೂ ಮೊದಲ ಅರ್ಥ ಗೀರು.

ಕನ್ನಡದ್ದು? ಇಲ್ಲಿಗೆ ಬಂದಾಗ ನಾನು ಕುರ್ಚಿಯಿಂದ ಎದ್ದೆ. ಬರೆ! ನಾವು ಅಕ್ಷರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಬೆನ್ನಿನ ಮೇಲೆ ಬಾಸುಂಡೆ ಎದ್ದರೆ ಬರೆ ಬಂದಿದೆ ಅನ್ನುತ್ತೇವೆ. ಕಾದ ಕಬ್ಬಿಣದಿಂದ ಹಾಕುವುದೂ ಬರೆಯೇ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಈ ಪದಕ್ಕೆ ಗೀರುವುದು, ಗೆರೆ ಎಳೆಯುವುದು ಅನ್ನೋ ಅರ್ಥಗಳಿವೆ. ತಮಿಳಿನ 'ವರೈ' ಇದರ ಅಕ್ಕ. ಅಲ್ಲಿ ಅದು ಚಿತ್ರ ಬರೆಯುವುದು. ಹಣೆಬರಹ ಅನ್ನುತ್ತೇವಲ್ಲ, ಅಲ್ಲೂ ಬರೆದದ್ದು ಶಾಯಿಯಲ್ಲಿ ಅಂತ ಯಾರಿಗೂ ಅನಿಸುವುದಿಲ್ಲ. ಅಳಿಸಲಾಗದ ಹಾಗೆ ಕೊರೆದದ್ದು. ಇಂಗ್ಲಿಷಿಗೂ ಕನ್ನಡಕ್ಕೂ ಈ ಪದಗಳಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಎಲ್ಲೆಲ್ಲೋ ಇದ್ದ ಜನ, ಒಬ್ಬರನ್ನೊಬ್ಬರು ಕಾಣದವರು, ಕೈಯಲ್ಲಿ ಏನೋ ಚೂಪಾದದ್ದು ಹಿಡಿದು ಗೀರಿದರು. ಆ ಗೀರಿಗೇ ಬರವಣಿಗೆ ಅಂತ ಹೆಸರಾಯಿತು.

ಆಗ ನನಗೆ ನೆನಪಾದದ್ದು ನಮ್ಮ ಎಸ್ಟೇಟಿನ ಹದಿನೇಳನೇ ಬ್ಲಾಕಿನ ಹಲಸಿನ ಮರ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಬ್ಲಾಕುಗಳ ನಂಬರ್ ಹಲಗೆ ಮಳೆಗೆ ಕೊಳೆತು ಹೋಗುತ್ತಿತ್ತು. ಉಳಿದದ್ದನ್ನು ಆನೆ ಬೀಳಿಸುತ್ತಿತ್ತು. ಅಪ್ಪ ಹಲಗೆಯ ಸಹವಾಸವೇ ಬೇಡ ಅಂತ ಗಡಿಯಲ್ಲಿದ್ದ ಮರಗಳ ಮೇಲೆಯೇ ನಂಬರ್ ಕೊರೆಯಲು ಹೊರಟರು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಹಲಸಿನ ಮರದ ತೊಗಟೆಯ ಮೇಲಿನ ಪಾಚಿಯನ್ನು ಅಂಗೈಯಲ್ಲಿ ಉಜ್ಜಿ ತೆಗೆದರು. ಕತ್ತಿಯ ತುದಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿದು, ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರು. ಅದು ಒಂದು. ಗೆರೆಯ ಉದ್ದಕ್ಕೂ ಬಿಳಿ ಹಾಲು ಹನಿ ಹನಿಯಾಗಿ ಒಸರಿತು. ಆಮೇಲೆ ಏಳು. ಏಳರ ಅಡ್ಡಗೆರೆ ಎಳೆಯುವಾಗ ಕತ್ತಿಗೆ ಮೇಣ ಅಂಟಿ, ಎರಡು ಸಲ ಒರೆಸಿಕೊಂಡರು. ನಾನು ಹಾಲನ್ನು ಬೆರಳಲ್ಲಿ ಮುಟ್ಟಿ ಇಡೀ ದಿನ ಅಂಟು ಬಿಡಿಸಿಕೊಳ್ಳುತ್ತಾ ಕೂತೆ. ಅಮ್ಮ ತೆಂಗಿನೆಣ್ಣೆ ಹಾಕಿ ತಿಕ್ಕಿದರು.

ಅದು ವ್ರೀಟನ್. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾವಿರ ವರ್ಷದ ಹಿಂದೆ ಎಲ್ಲೋ ಚಳಿ ದೇಶದಲ್ಲಿ ಆ ಪದ ಯಾವ ಕೆಲಸಕ್ಕೆ ಸಲ್ಲುತ್ತಿತ್ತೋ ಆ ಕೆಲಸವನ್ನು ನಮ್ಮಪ್ಪ ಸಿದ್ದಾಪುರದ ಹತ್ತಿರ ಕಾಫಿ ಗಿಡಗಳ ನಡುವೆ ಮಾಡುತ್ತಿದ್ದರು.

ಇನ್ನು ರೈಟರ್. ಹಳೆ ಇಂಗ್ಲಿಷಿನಲ್ಲೇ 'ವ್ರೀಟೆರೆ' ಅನ್ನೋ ಪದ ಇತ್ತು. ಬರೆಯುವ ಕೆಲಸದವನು, ನಕಲು ಮಾಡುವವನು. ಅಚ್ಚು ಯಂತ್ರ ಇಲ್ಲದ ಕಾಲದಲ್ಲಿ ಬರೆಯಲು ಬರುವುದೇ ಒಂದು ಕಸುಬು. ಸ್ವಂತದ್ದು ಬರೆಯುತ್ತಾನೋ ಬೇರೆಯವರದ್ದು ಬರೆಯುತ್ತಾನೋ ಅನ್ನುವುದು ಆಮೇಲಿನ ಮಾತು. ಪುಸ್ತಕ ಹುಟ್ಟಿಸುವವನಿಗೆ ಇಂಗ್ಲಿಷಿನಲ್ಲಿ ಬೇರೆ ಪದವೇ ಇದೆ, ಆಥರ್. ಅದು ಲ್ಯಾಟಿನ್ನಿನಲ್ಲಿ ಬೆಳೆಸು ಅನ್ನೋ ಅರ್ಥದ ಕ್ರಿಯಾಪದದಿಂದ ಬಂದದ್ದು. ಹಾಗೆ ನೋಡಿದರೆ ಆಥರ್ ಅನ್ನಬೇಕಾದದ್ದು ಕಾಫಿ ಬೆಳೆಯುವವರಿಗೆ. ಮೇಡಂ ಹೇಳಿದ ಕ್ಲರ್ಕ್ ಪದವೂ ಸಣ್ಣದಲ್ಲ. ಅದು ಚರ್ಚಿನ ಪಾದ್ರಿಗಳಿಗೆ ಇದ್ದ ಪದ. ಓದು ಬರಹ ಬಲ್ಲವರು ಅವರೇ ಆಗಿದ್ದರಿಂದ ಲೆಕ್ಕ ಬರೆಯುವವನೂ ಕ್ಲರ್ಕ್ ಆದ. ಅಚ್ಚು ಯಂತ್ರ ಬಂದ ಮೇಲೆ ನಕಲು ಮಾಡುವವರ ಕೆಲಸ ಕಡಿಮೆಯಾಗುತ್ತಾ ಹೋಯಿತು. ರೈಟರ್ ಅಂದ ಕೂಡಲೇ ಪುಸ್ತಕ ಬರೆಯುವವರು ನೆನಪಾಗುವುದು ಹೆಚ್ಚಾಯಿತು. ಈಗ ಬೆಂಗಳೂರಲ್ಲಿ ಯಾರಾದರೂ ನಾನು ರೈಟರ್ ಅಂದರೆ ಹೊಳೆಯುವುದು ಆ ಒಂದೇ ಅರ್ಥ.

ಆದರೆ ನಮ್ಮ ದೇಶಕ್ಕೆ ಆ ಪದ ಬಂದದ್ದು ಹಳೆಯ ಅರ್ಥ ಹೊತ್ತುಕೊಂಡು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಹೆಸರೇ ರೈಟರ್. ಅದರ ಮೇಲೆ ಫ್ಯಾಕ್ಟರ್, ಅದರ ಮೇಲೆ ಮರ್ಚೆಂಟ್. ಇನ್ನೂ ಮೀಸೆ ಮೂಡದ ಹುಡುಗರನ್ನು ಹಡಗು ಹತ್ತಿಸಿ ಕಳಿಸುತ್ತಿದ್ದರು. ಪತ್ರ ನಕಲು ಮಾಡುವುದು, ಬಟ್ಟೆಯ ಲೆಕ್ಕ ಬರೆಯುವುದು ಅವರ ಕೆಲಸ. ರಾಬರ್ಟ್ ಕ್ಲೈವ್ 1744ರಲ್ಲಿ ಮದ್ರಾಸಿಗೆ ಬಂದು ಇಳಿದದ್ದು ರೈಟರ್ ಆಗಿ. ಆಗ ಅವನಿಗೆ ಹದಿನೆಂಟು. ವಾರನ್ ಹೇಸ್ಟಿಂಗ್ಸ್ 1750ರಲ್ಲಿ ಕಲ್ಕತ್ತಾಕ್ಕೆ ಬಂದದ್ದೂ ರೈಟರ್ ಆಗಿಯೇ. ಕಲ್ಕತ್ತಾದಲ್ಲಿ ಈ ರೈಟರುಗಳಿಗಾಗಿ 1777ರಲ್ಲಿ ಕಟ್ಟಡ ಶುರುವಾಯಿತು. ರೈಟರ್ಸ್ ಬಿಲ್ಡಿಂಗ್ ಅಂತಲೇ ಅದರ ಹೆಸರು. 2013ರ ತನಕ ಪಶ್ಚಿಮ ಬಂಗಾಳದ ಸರ್ಕಾರ ನಡೆದದ್ದು ಅಲ್ಲಿಂದ. ಹೊರಗಿನ ಎಷ್ಟೋ ಜನ ಅದನ್ನು ಸಾಹಿತಿಗಳ ಭವನ ಅಂದುಕೊಳ್ಳುತ್ತಾರೆ. ಅಲ್ಲ. ಅದು ಲೆಕ್ಕ ಬರೆಯುವವರ ಮನೆ.

1886ರಲ್ಲಿ ಹಾಬ್ಸನ್-ಜಾಬ್ಸನ್ ಅನ್ನೋ ನಿಘಂಟು ಬಂತು. ಹಿಂದೂಸ್ಥಾನದ ಇಂಗ್ಲಿಷಿನ ಪದಗಳದ್ದು. ಅದರಲ್ಲಿ ರೈಟರ್‌ಗೆ ಎರಡು ಅರ್ಥ ಕೊಟ್ಟಿದ್ದಾರೆ. ಒಂದು ಕಂಪನಿಯ ಆ ಕಿರಿಯ ಅಧಿಕಾರಿ. ಇನ್ನೊಂದು, ಕಚೇರಿಯಲ್ಲಿ ಬರೆಯುವ ಗುಮಾಸ್ತ. ಪುಸ್ತಕ ಬರೆಯುವವರ ಸುದ್ದಿಯೇ ಅಲ್ಲಿಲ್ಲ. ಅಂದರೆ ಮೇಡಂ ತಪ್ಪು ಅಂದ ಇಂಗ್ಲಿಷ್ ಅಚ್ಚಾಗಿ ನೂರು ವರ್ಷದ ಮೇಲಾಗಿತ್ತು. ಆ ಪುಟ ನೋಡಿದ ದಿನ ನಾನು ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನೂ ಶಾಲೆಯ ಅರ್ಜಿಗಳಲ್ಲಿ ಕ್ಲರ್ಕ್ ಅಂತಲೇ ತುಂಬಿಸಿದವನು.

ಕೊಡಗು 1834ರಲ್ಲಿ ಕಂಪನಿಯ ಕೈಗೆ ಹೋಯಿತು. ಅದಕ್ಕೆ ಮೊದಲೂ ಇಲ್ಲಿ ಬರೆಯುವವರು ಇದ್ದರು. ಶಾನುಭೋಗರು ಇದ್ದರು, ಪಾರುಪತ್ತೆಗಾರರು ಇದ್ದರು. ಶಾನುಭೋಗ ಅಂದರೆ ಹಳಗನ್ನಡ ಶಾಸನಗಳ ಸೇನಬೋವ. ಲೆಕ್ಕ ಇಡುವವನು, ಶಾಸನದ ಮಾತು ಬರೆಯುವವನು. ಆಮೇಲೆ 1854ರಲ್ಲಿ ಫೌಲರ್ ಅನ್ನೋ ಪ್ಲಾಂಟರ್ ಮಡಿಕೇರಿಯಲ್ಲಿ ಎಸ್ಟೇಟ್ ತೆರೆದ. ಅವನ ಹಿಂದೆ ಬೇರೆ ಯುರೋಪಿಯನ್ನರು ಬಂದರು. ಎಸ್ಟೇಟ್, ಬಂಗಲೆ, ಲೈನ್, ಮಸ್ಟರ್, ಚೆಕ್‌ರೋಲ್, ಎಲ್ಲ ಈ ಮಣ್ಣಿನಲ್ಲಿ ಬೇರು ಬಿಟ್ಟವು. ರೈಟರ್ ಕೂಡ. ಇಂಗ್ಲೆಂಡಿನಲ್ಲಿ ಅರ್ಥ ಸರಿದುಹೋದರೂ ಇಲ್ಲಿ ಹಳೆಯದೇ ಉಳಿಯಿತು. ಪೊಲೀಸ್ ಸ್ಟೇಷನ್ನಿಗೆ ಹೋಗಿ, ಅಲ್ಲೂ ದೂರು ಬರೆದುಕೊಳ್ಳುವ ಕಾನ್ಸ್‌ಟೇಬಲ್ಲಿಗೆ ಸ್ಟೇಷನ್ ರೈಟರ್ ಅಂತಲೇ ಹೇಳುತ್ತಾರೆ. ನಮ್ಮ ಅಂಗಡಿಯ ಯಜಮಾನರ ಬೋರ್ಡಿನಲ್ಲಿರುವುದು ಡಾಕ್ಯುಮೆಂಟ್ ರೈಟರ್. ಹಳೆಯ ಕ್ರಯಪತ್ರಗಳ ಕೊನೆಗೆ 'ಬಿಕಲಂ' ಅಂತ ಇರುತ್ತದೆ ನೋಡಿ, ಅದು ಪಾರ್ಸಿ ಮಾತು. ಇಂಥವರ ಕಲಮಿನಿಂದ ಅಂತ. ಜಾಗ ಕೊಟ್ಟವರ, ಕೊಂಡವರ, ಸಾಕ್ಷಿಗಳ ರುಜು ಆದ ಮೇಲೆ, ಎಲ್ಲರ ಕೆಳಗೆ ಬರೆದವನ ಹೆಸರು. ನನಗೆ ಆ ಸಾಲು ಬಹಳ ಇಷ್ಟ.

ಕೆಳಗೆ ಬರೆಯುವುದು ಅಂದಾಗ ಇನ್ನೊಂದು ನೆನಪಾಯಿತು. ಇನ್ಶೂರೆನ್ಸಿನವರ ಅಂಡರ್‌ರೈಟರ್. ಹೆಸರು ಕೇಳಿದರೆ ಏನೂ ಹೊಳೆಯುವುದಿಲ್ಲ. 1680ರ ದಶಕದ ಕೊನೆಗೆ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನೋನು ಒಂದು ಕಾಫಿ ಅಂಗಡಿ ಇಟ್ಟಿದ್ದ. ಹಡಗಿನ ಮಾಲೀಕರು, ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಇಂಥ ಹಡಗು, ಇಂಥ ಸರಕು, ಮುಳುಗಿದರೆ ಯಾರು ಎಷ್ಟು ಕೊಡುತ್ತೀರಿ ಅಂತ ಕಾಗದ ಸುತ್ತುತ್ತಿತ್ತು. ಒಪ್ಪಿದವರು ಕೆಳಗೆ ಹೆಸರು ಬರೆಯುತ್ತಿದ್ದರು. ಕೆಳಗೆ ಬರೆದವನು ಅಂಡರ್‌ರೈಟರ್. ಪದ ಅದಕ್ಕೂ ಹಳೆಯದು, ಆದರೆ ಬೆಳೆದದ್ದು ಕಾಫಿ ಕುಡಿಯುತ್ತಾ. ಟೈಪ್‌ರೈಟರ್ ಅನ್ನೋದು ಮೊದಲಿಗೆ ಯಂತ್ರಕ್ಕೂ ಹೆಸರು, ಅದರ ಮುಂದೆ ಕೂತು ಬಡಿಯುವ ಮನುಷ್ಯರಿಗೂ ಹೆಸರು. ಆ ಲೆಕ್ಕದಲ್ಲಿ ನಾನೂ ಒಬ್ಬ ಟೈಪ್‌ರೈಟರ್. ಸಿಡಿ ರೈಟರ್ ಅಂತ ಒಂದು ಇತ್ತಲ್ಲ, ಅದು ಲೇಸರ್ ಬೆಳಕಿನಿಂದ ಸುಟ್ಟು ಗುರುತು ಮಾಡುತ್ತಿತ್ತು. ಬರೆ ಹಾಕುವುದೇ, ಅಲ್ವಾ? ನಾಟಕ ಬರೆಯುವವರಿಗೆ ಹೇಳುವ ಪ್ಲೇರೈಟ್ ಮಾತ್ರ ಈ ಮನೆಯದ್ದಲ್ಲ. ಅಲ್ಲಿನ ರೈಟ್ ಅಂದರೆ ಕೈಯಲ್ಲಿ ಕಟ್ಟುವ ಕೆಲಸಗಾರ.

ಮತ್ತೆ ಪಾರ್ಚ್‌ಮೆಂಟ್! ಇದನ್ನು ಬಿಡುವ ಹಾಗಿಲ್ಲ. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿ, ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಬೀಜದ ಮೇಲೆ ತೆಳ್ಳಗೆ ಒಂದು ಹೊದಿಕೆ ಉಳಿಯುತ್ತದೆ. ಬೆರಳಿನಲ್ಲಿ ಒತ್ತಿದರೆ ಪಟಕ್ ಅಂತ ಒಡೆಯುತ್ತದೆ. ಆ ಕಾಫಿಗೆ ನಾವು ಪಾರ್ಚ್‌ಮೆಂಟ್ ಅನ್ನುತ್ತೇವೆ. ನಿಜವಾದ ಪಾರ್ಚ್‌ಮೆಂಟ್ ಅಂದರೆ ಕುರಿ, ಕರು, ಆಡಿನ ಚರ್ಮವನ್ನು ಹದ ಮಾಡಿ ಬರೆಯಲು ಬಳಸುತ್ತಿದ್ದ ಹಾಳೆ. ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್ ಅನ್ನೋ ಊರಿನ ಹೆಸರಿಂದ ಅದಕ್ಕೆ ಆ ಹೆಸರು. ಬೀಜದ ಮೇಲಿನ ಹೊದಿಕೆ ಆ ಹಾಳೆಯ ಹಾಗೆ ಕಂಡಿತು ಅಂತ ಇದಕ್ಕೂ ಅದೇ ಹೆಸರಾಯಿತು. ನಮ್ಮ ಕಣದ ತುಂಬಾ ಪಾರ್ಚ್‌ಮೆಂಟ್ ಒಣಗುತ್ತಿತ್ತು, ಅದರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ರೈಟರ್ ಕೂತಿರುತ್ತಿದ್ದರು. ಆಗ ಯಾರಿಗೂ ಇದು ಹೊಳೆದಿರಲಿಲ್ಲ.

ಒಂದು ಘಟನೆ ಹೇಳಬೇಕು. ಒಂದು ಶನಿವಾರ, ಸಂಬಳದ ದಿನ. ನಮ್ಮ ಜಗಲಿಯಲ್ಲಿ ಅಪ್ಪ ಒಬ್ಬೊಬ್ಬರ ಹೆಸರು ಕರೆದು ಹಣ ಎಣಿಸುತ್ತಿದ್ದರು. ಎರವ ಬುಡಕಟ್ಟಿನ ಅಜ್ಜಿಯೊಬ್ಬರು ಹಣ ತೆಗೆದುಕೊಂಡು, ಎರಡು ಸಲ ಎಣಿಸಿ, ಅಲ್ಲೇ ನಿಂತರು. "ಬುಧವಾರದ್ದು ಇಲ್ಲ" ಅಂದರು. ಅಪ್ಪ "ಬುಧವಾರ ನೀವು ಬರಲಿಲ್ಲ" ಅಂದರು. "ಬಂದಿದ್ದೆ." ಅಪ್ಪ ಚೆಕ್‌ರೋಲ್ ತೆಗೆದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವರು ಪುಸ್ತಕದ ಮೇಲೆ ಬಾಗಿ, ಕೆಳಗಿನಿಂದ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. ಅದು ಅವರದ್ದೇ ಸಾಲು. ಬೆರಳು ಬಲಕ್ಕೆ ಜರುಗಿ, ಖಾಲಿ ಮನೆಯ ಮೇಲೆ ನಿಂತಿತು. "ಇಲ್ಲಿ ಬರೆ ಇಲ್ಲ" ಅಂದರು.

ಅಪ್ಪ ಮೇಸ್ತ್ರಿಯನ್ನು ಕರೆದು ಕೇಳಿದರು. ಬುಧವಾರ ಅಜ್ಜಿ ಬಂದಿದ್ದರು, ತೋಡಿನ ಆಚೆ ಕಡೆ ಕಳೆ ತೆಗೆದಿದ್ದರು. ಮಸ್ಟರ್ ಮುಗಿದ ಮೇಲೆ ಬಂದವರನ್ನು ಮೇಸ್ತ್ರಿ ಸೀದಾ ಕೆಲಸಕ್ಕೆ ಕಳಿಸಿದ್ದರು, ಅಪ್ಪ ಸಂಜೆ ಕೇಳಿ ಬರೆಯಬೇಕಿತ್ತು, ಮರೆತಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಕೆಂಪು ಪೆನ್ನು ತೆಗೆದರು. ಒಂದು ಗೆರೆ, ಅದರ ಮೇಲೆ ಇನ್ನೊಂದು ಗೆರೆ. ಪಕ್ಕದಲ್ಲಿ ತಮ್ಮ ರುಜು. ಆ ದಿನದ ಕೂಲಿಯನ್ನು ತಮ್ಮ ಜೇಬಿನಿಂದ ಕೊಟ್ಟರು, ಸೋಮವಾರ ಮ್ಯಾನೇಜರಿಗೆ ಹೇಳಿ ಸರಿ ಮಾಡಿಕೊಂಡರು. ಆ ರಾತ್ರಿ ಅವರು ಊಟ ಸರಿಯಾಗಿ ಮಾಡಲಿಲ್ಲ. "ನಾನು ಬರೆಯದೇ ಇದ್ದರೆ ಆ ಅಜ್ಜಿ ದುಡಿದೇ ಇಲ್ಲ ಅಂತ ಆಗಿಬಿಡುತ್ತೆ, ನೋಡು" ಅಂತ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

ಅದಕ್ಕೇ ಹೇಳುತ್ತಿದ್ದೇನೆ, ಅಪ್ಪ ರೈಟರ್. ಪುಸ್ತಕ ಬರೆಯುವವರ ಮೇಲೆ ನನಗೆ ಬಹಳ ಗೌರವ ಇದೆ. ಅವರು ಬರೆಯದೇ ಹೋದರೆ ಒಂದು ಕತೆ ಇರುವುದಿಲ್ಲ. ಅಪ್ಪ ಬರೆಯದೇ ಹೋದರೆ ಒಬ್ಬರ ಬುಧವಾರ ಇರುವುದಿಲ್ಲ. ಪದದ ಹಕ್ಕು ಇಬ್ಬರಿಗೂ ಇದೆ. ಹಳೆ ಹಕ್ಕು ಅಪ್ಪನದ್ದು.

ಅಪ್ಪ ಈಗ ನನ್ನ ಜೊತೆ ವಿರಾಜಪೇಟೆಯಲ್ಲಿ ಇದ್ದಾರೆ. ಈ ವಿಷಯವನ್ನೆಲ್ಲಾ ಒಂದು ಸಂಜೆ ಅವರಿಗೆ ಹೇಳಿದೆ. ಕ್ಲೈವ್, ಕಲ್ಕತ್ತಾ, ರೂನ್ ಅಕ್ಷರ, ಎಲ್ಲಾ. ಕಾಲೇಜಿನ ವಿಷಯವನ್ನೂ ಮೊದಲ ಸಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ. "ಮೇಸ್ತ್ರಿ ಅನ್ನೋದು ಎಲ್ಲಿಂದ ಬಂತು?" ಪೋರ್ಚುಗೀಸರಿಂದ, ಅವರಲ್ಲಿ ಮೆಸ್ತ್ರೆ ಅಂದರೆ ಗುರು, ಕೆಲಸ ಬಲ್ಲವನು ಅಂದೆ. "ಅದು ಸರಿ. ನಮ್ಮ ಮೇಸ್ತ್ರಿಗೆ ಕೆಲಸ ಗೊತ್ತಿತ್ತು" ಅಂದರು.

ಹೋದ ತಿಂಗಳು ಒಂದು ಕಾಗದದ ಕೆಲಸಕ್ಕೆ ನಾನು ಆ ಎಸ್ಟೇಟಿಗೆ ಹೋಗಬೇಕಾಯಿತು. ಹಲಸಿನ ಮರ ಇದೆ. ಕಾಳುಮೆಣಸಿನ ಬಳ್ಳಿ ಅರ್ಧ ಮುಚ್ಚಿದೆ. ಬಳ್ಳಿ ಸರಿಸಿ ನೋಡಿದೆ. ಮರ ದಪ್ಪ ಆದ ಹಾಗೆ ಅಂಕಿಯೂ ಅಡ್ಡಕ್ಕೆ ಹಿಗ್ಗಿದೆ. ಒಂದು ಈಗ ಬೆರಳಷ್ಟು ಅಗಲ. ಏಳರ ತಲೆ ಅಂಗೈಯಷ್ಟು ಉದ್ದವಾಗಿದೆ. ಎತ್ತರ ಮಾತ್ರ ಅಷ್ಟೇ ಇದೆ. ಆಗ ನಾನು ತಲೆ ಎತ್ತಿ ನೋಡಿದ್ದ ನಂಬರ್ ಈಗ ನನ್ನ ಎದೆಯ ಮಟ್ಟಕ್ಕಿದೆ.

ಈಗಿನ ರೈಟರ್ ಚಿಕ್ಕ ಹುಡುಗ, ಸೋಮವಾರಪೇಟೆ ಕಡೆಯವನು. ಹಾಜರಿಯನ್ನು ಫೋನಿನಲ್ಲಿ ಹಾಕುತ್ತಾನೆ. ಆದರೂ ಜೇಬಿನಲ್ಲಿ ಒಂದು ನೋಟ್‌ಬುಕ್ ಇದೆ, ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಅಂತ. ಅದರ ಮೊದಲ ಹಾಳೆಯಲ್ಲಿ ಬ್ಲಾಕುಗಳ ಗಡಿಯನ್ನು ಹಳೆ ಪುಸ್ತಕದಿಂದ ಎತ್ತಿ ಬರೆದುಕೊಂಡಿದ್ದಾನೆ. 17, ಹಲಸಿನ ಮರದಿಂದ ತೋಡಿನ ತನಕ. ಅದು ಅಪ್ಪನ ವಾಕ್ಯ.

ಕೆಲಸಕ್ಕೆ ಈಗ ಅಸ್ಸಾಮಿನವರು ಜಾಸ್ತಿ. ನಾವು ಮಾತಾಡುತ್ತಾ ನಿಂತಿದ್ದಾಗ ಗುಂಪಿನಿಂದ ಒಬ್ಬಳು ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡವಳು, ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ಬಂದಳು.

"ರೈಟರ್ ಸಾಬ್, ಮೇರಾ ನಾಮ್ ಲಿಖಾ?"

ಹುಡುಗ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಲಿಖಾ, ಲಿಖಾ" ಅಂದ.